ಕಿರುಬೆರಳು

ಮೂರನೆಯ ವೈರನ್ನೂ ಬದಲಾಯಿಸಿದ್ದಾಯಿತು. ಆದರೂ ಗಿಟಾರಿನ ದನಿ ತಾಳದ ಎಂಟನೆಯ ಸುತ್ತು ಮುಗಿಯುವಾಗ, ಅದೇ ಜಾಗದಲ್ಲಿ, ಥಟ್ಟನೆ ಕುಗ್ಗುತ್ತಿತ್ತು. ನಾಲ್ಕು ಸುತ್ತು ಹಾಗೇ ಮೆಲ್ಲಗಿದ್ದು ಮತ್ತೆ ತಾನಾಗಿ ಏಳುತ್ತಿತ್ತು.

"ಇನ್ನೊಂದ್ಸಲ ನೋಡೋಣ ಸರ್. ನಮ್ಮ ಪೆಟ್ಟಿಗೆಗಳಿಗೂ ವಯಸ್ಸಾಯ್ತು," ಎಂದಳು ರೆಕಾರ್ಡಿಂಗ್ ಮಾಡುವ ಹೆಂಗಸು. ಏನೇ ಆದರೂ ತಪ್ಪು ಯಂತ್ರದ್ದು ಎನ್ನುವುದು ಅವಳ ಪದ್ಧತಿ. ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಜನರ ತಪ್ಪನ್ನು ವೈರುಗಳ ತಲೆಗೆ ಕಟ್ಟಿ ಅವರ ಮಾನ ಉಳಿಸಿದ್ದಳು.

"ನಿನ್ನ ಪೆಟ್ಟಿಗೆಗಿಂತ ನಾನು ಹಳಬ ಕಣಮ್ಮ. ನನ್ನನ್ನೇ ಬದಲಾಯಿಸ್ಬಿಡು," ಎಂದು ಗುಡುಗಪ್ಪ ನಕ್ಕ.

ಗುಡುಗಪ್ಪ ಎಂಬುದು ಜನ ಇಟ್ಟ ಹೆಸರು. ಆಳೆತ್ತರದ ಸ್ಪೀಕರುಗಳ ಪಕ್ಕ ನಿಂತು, ಕಿಟಕಿಯ ಗಾಜು ಗುಂಯ್ಗುಡುವ ಹಾಗೆ ಮೂವತ್ತು ವರ್ಷ ಬಾರಿಸಿದವನು. ಅದಕ್ಕೆ ಎಡಗಿವಿಯನ್ನು ತೆತ್ತಿದ್ದ. ಈಗ ಅರವತ್ತಮೂರರಲ್ಲಿ, ಮೊದಲ ಸಲ, ಅವನೊಬ್ಬನದೇ ಹೆಸರಿನ ಆಲ್ಬಮ್. ಅದರ ಒಂಬತ್ತು ರಚನೆಗಳೂ ಬರಿಯ ಗಿಟಾರು, ಹಾಡುವವರು ಯಾರೂ ಇಲ್ಲ. ಎಂಟು ಮುಗಿದಿದ್ದವು. ಒಂಬತ್ತನೆಯದು ಬೆಳಗಿನಿಂದ ಹೀಗೆ ಹಟ ಹಿಡಿದಿತ್ತು.

ಅವಳು ಗಾಜಿನ ಕೋಣೆಯಿಂದ ಹೊರಗೆ ಬಂದು ಅವನ ಬಲಕ್ಕೆ ನಿಂತಳು. ಯಾರೂ ಹೇಳದಿದ್ದರೂ ಮೊದಲ ದಿನದಿಂದಲೂ ಅವಳು ಆ ಕಡೆಯೇ ನಿಲ್ಲುತ್ತಿದ್ದಳು.

"ನೀವು ಬಾರಿಸಿ. ನಾನು ಇಲ್ಲೇ ನಿಂತು ನೋಡ್ತೀನಿ."

ಗುಡುಗಪ್ಪ ಕಣ್ಣು ಮುಚ್ಚಿ ಬಾರಿಸಿದ. ಎಂಟನೆಯ ಸುತ್ತು ಬಂತು, ದನಿ ಕುಗ್ಗಿತು.

"ಸರ್, ವೈರು ಅಲ್ಲ," ಎಂದಳು ಅವಳು, ಸಂಕೋಚದಿಂದ. "ನಿಮ್ಮ ಕಿರುಬೆರಳು. ಅದು ಹೋಗಿ ವಾಲ್ಯೂಮ್ ಗುಂಡಿ ತಿರುಗಿಸ್ತಿದೆ."

"ನಾನು ಮುಟ್ಟೇ ಇಲ್ಲ!"

ಮಾತು ಬಾಯಿಂದ ಬಿದ್ದೊಡನೆ ಅವನು ತನ್ನ ಕಿರುಬೆರಳನ್ನು ನೋಡಿದ. ಹನ್ನೊಂದು ವರ್ಷದ ಹಿಂದೆ ಇದೇ ಮಾತನ್ನು ತಮ್ಮನಿಗೆ ಹೇಳಿದ್ದ.

ಬ್ಯಾಂಡಿನಲ್ಲಿ ಹಾಡುತ್ತಿದ್ದವನು ತಮ್ಮ. ಕೊನೆಯ ಕಾರ್ಯಕ್ರಮದ ದಿನ ಮೇಲಿನ ಸ್ವರಕ್ಕೆ ಹೋದಾಗ ಅವನ ಗಂಟಲು ಹಳೆ ಬಟ್ಟೆಯಂತೆ ಹರಿಯಿತು. ಗಿಟಾರು ಜೋರಾಗಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ಗಳಿಗೆಗೆ ಗಿಟಾರು ಇಳಿಯಿತು. ಒಡೆದ ದನಿ ತುಂಬಿದ ಮೈದಾನಕ್ಕೆಲ್ಲ ಬೆತ್ತಲೆಯಾಗಿ ಕೇಳಿಸಿತು. "ಬೇಕಂತಲೇ ಇಳಿಸಿದೆ ಅಲ್ವಾ?" ಎಂದಿದ್ದ ತಮ್ಮ, ವೇದಿಕೆಯ ಹಿಂದೆ. "ಕಣ್ಣಾರೆ ನೋಡಿದೀನಿ. ಮುಟ್ಟೇ ಇಲ್ಲ ಅಂತ ಸುಳ್ಳು ಬೇರೆ ಹೇಳ್ತೀಯಾ?" ಅಂದಿನಿಂದ ಅವನು ಹಾಡಲೂ ಇಲ್ಲ, ಅಣ್ಣನ ಹೊಸ್ತಿಲು ತುಳಿಯಲೂ ಇಲ್ಲ.

"ಹಾಡೋರ ದನಿಗೆ ಜಾಗ ಬಿಡೋ ಹಳೇ ಅಭ್ಯಾಸ ಇರಬೇಕು, ಬಿಡಿ ಸರ್," ಎಂದು ಅವಳು ಗುಂಡಿ ತಿರುಗದಂತೆ ಟೇಪು ಅಂಟಿಸಿದಳು. ಅವನು ಮತ್ತೆ ಬಾರಿಸಿದ; ಈ ಸಲ ದನಿ ಎಲ್ಲೂ ಕುಗ್ಗಲಿಲ್ಲ. ಇಬ್ಬರೂ ಕೂತು ಕೇಳಿದರು.

"ಹೇಗಿದೆ ಸರ್?"

"ಚೆನ್ನಾಗಿದೆ. ಆದ್ರೆ ಯಾರೋ ಮಾತಾಡ್ತಿರೋವಾಗ ಅಡ್ಡಬಾಯಿ ಹಾಕಿದ ಹಾಗಿದೆ."

ಉಗುರಿನಿಂದ ಕೆರೆದು ಕೆರೆದು ಟೇಪನ್ನು ಕಿತ್ತ. ಆಮೇಲೆ ಫೋನು ತೆಗೆದ. ಅವಳು ಹೊರಗೆ ಹೊರಟಾಗ, "ಹೋಗ್ಬೇಡ. ನನಗೆ ಸಾಕ್ಷಿ ಬೇಕು," ಎಂದ.

ಎತ್ತಿದವಳು ತಮ್ಮನ ಹೆಂಡತಿ. "ಯಾರು? ಭಾವ? ಅಂತೂ ಈ ನಂಬರ್ ನೆನಪಾಯ್ತಲ್ಲ! ಇರಿ, ಕರೀತೀನಿ. ಬರ್ತಾರೋ ಇಲ್ವೋ ಗೊತ್ತಿಲ್ಲ. ಅಣ್ಣತಮ್ಮ ಇಬ್ರನ್ನೂ ಒಂದೇ ಕಲ್ಲಲ್ಲಿ ಕೆತ್ತಿದಾರೆ."

ಪಾತ್ರೆಗಳ ಸದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಯಾರೋ ಉಸಿರಾಡುವುದು ಕೇಳಿಸಿತು.

"ಮುಟ್ಟಿದ್ದೆ ಕಣೋ," ಎಂದ ಗುಡುಗಪ್ಪ. "ನೀನು ನೋಡಿದ್ದು ನಿಜ. ನನಗೇ ಗೊತ್ತಿರಲಿಲ್ಲ, ಇವತ್ತು ಗೊತ್ತಾಯ್ತು. ನೀನು ಬಾಯಿ ತೆರೆಯೋ ಹೊತ್ತಿಗೆ ಬೆರಳು ತಾನಾಗೇ ಹೋಗುತ್ತೆ. ನೀನಿಲ್ದೇ ಇದ್ರೂ ಹೋಗ್ತಿದೆ. ಕೇಳ್ತೀಯಾ?"

ತಮ್ಮ ಫೋನು ಇಡಲಿಲ್ಲ.

ರೆಕಾರ್ಡಿಂಗಿನವಳು ಒಂದು ಸ್ಟೂಲು ಎಳೆದು ಫೋನನ್ನು ಅದರ ಮೇಲಿಟ್ಟಳು. ಅವನು ಬಾರಿಸಿದ. ಎಂಟು ಸುತ್ತು ಕಳೆದವು, ಕಿರುಬೆರಳು ಹೋಯಿತು. ಮೆಲುದನಿಯ ನಾಲ್ಕು ಸುತ್ತುಗಳಲ್ಲಿ ಆ ಕಡೆಯಿಂದ ಏನೂ ಬರಲಿಲ್ಲ. ಗಿಟಾರು ಮತ್ತೆ ಎದ್ದು, ಗುಡುಗಿ, ನಿಂತಿತು.

"ಎರಡನೇ ತಂತಿಯ ಶ್ರುತಿ ಇಳಿದಿದೆ," ಎಂದಿತು ಫೋನಿನಿಂದ ಒಂದು ಒರಟು ದನಿ.

ಗುಡುಗಪ್ಪನ ಕೈ ಬಿರಡೆಗೆ ಹೋಯಿತು. ಒಂದು ಕೂದಲಿನಷ್ಟು ತಿರುಗಿಸಿ ತಂತಿ ಮೀಟಿದ. "ಈಗ?"

"ಇನ್ನೂ ಸ್ವಲ್ಪ."

"ಈಗ?"

"ಊಹೂಂ. ಇನ್ನೊಂದ್ ಚೂರು, ಅಣ್ಣ."

ಶ್ರುತಿ ತೋರಿಸುವ ಪುಟ್ಟ ಯಂತ್ರ ಮೇಜಿನ ಮೇಲಿತ್ತು. ಶ್ರುತಿ ಸರಿಯಿದೆ ಎನ್ನುವ ಅದರ ಹಸಿರು ದೀಪ ಮೊದಲಿನಿಂದಲೂ ಹತ್ತಿಯೇ ಇದ್ದದ್ದು, ಈಗ ಕೆಂಪಿಗೆ ತಿರುಗಿತು. ಅವಳು ಸದ್ದಿಲ್ಲದೆ ಅದರ ಮೇಲೆ ಅಂಗೈ ಮುಚ್ಚಿದಳು.