ವೀರಪ್ಪನವರು ಕಲಿಸಿದ ತಾಯೀದ್

ಜಹೀರಾಬಾದಿನ ಬಟ್ಟೆ ವ್ಯಾಪಾರಿ ವೀರಪ್ಪನವರು ತಮ್ಮ ಮನೆಯ ಪಡಸಾಲೆಯಲ್ಲಿ ಕನ್ನಡ ಶಾಲೆ ತೆರೆದಾಗ ಅದರ ಸರ್ಕಾರವೂ ಅವರೇ, ಪ್ರಜೆಯೂ ಅವರೇ. ನಿಜಾಮರ ಕಾಲ. ಶಾಲೆ ಬೆಳೆಯಬೇಕಾದರೆ ಅಂಜುಮನ್ ಎಂಬ ಒಂದು ಸಂಘ ಬೇಕು, ಅದಕ್ಕೊಬ್ಬ ಸದರ್, ಅಂದರೆ ಅಧ್ಯಕ್ಷ ಬೇಕು ಎಂದು ಯಾರೋ ಕಿವಿಯೂದಿದರು. ವೀರಪ್ಪನವರು ಊರೆಲ್ಲ ಸುತ್ತಿ ಸದಸ್ಯರನ್ನು ಕೂಡಿಸಿ, ತಾವೇ ಸದರ್ ಆದರು. ಎಲ್ಲರೂ ಇರಲಿ ಎಂಬ ದೊಡ್ಡ ಮನಸ್ಸಿನಿಂದ ಊರಾಚೆಯ ಕೇರಿಯ ಪೋಚಪ್ಪನನ್ನೂ ಸೇರಿಸಿಕೊಂಡು, ಕೂರಲು ಅಂಗಳದಲ್ಲಿ ಜಾಗ ತೋರಿಸಿದರು.

ಹೈದರಾಬಾದಿನಲ್ಲಿ ಸಭೆಗಳನ್ನು ನೋಡಿ ಬಂದಿದ್ದ ಅವರು ಸದಸ್ಯರಿಗೆ ಹೇಳಿಕೊಟ್ಟ ಪಾಠ ಒಂದೇ: ಸದರ್ ಬಾಯಿ ಮುಚ್ಚಿದ ಕೂಡಲೇ "ತಾಯೀದ್" ಅನ್ನಬೇಕು. ಅನುಮೋದನೆಗೆ ಉರ್ದುವಿನಲ್ಲಿ ಹಾಗನ್ನುತ್ತಾರೆ. ಸಭೆ ಅದನ್ನು "ತಾಯಿದು" ಎಂದು ಕೇಳಿಸಿಕೊಂಡು, ಎಲ್ಲವೂ ದೇವಿಯ ಇಚ್ಛೆ ಎಂಬ ಭಕ್ತಿಯಿಂದ ಕೂಗತೊಡಗಿತು. ಗೋಡೆಗೆ ಸುಣ್ಣ? ತಾಯಿದು. ಮಾಸ್ತರರ ರಜೆ ರದ್ದು? ತಾಯಿದು. ಇಂಥ ಒಗ್ಗಟ್ಟು ಬೀದರಿನಲ್ಲೂ ಇಲ್ಲವೆಂದು ವೀರಪ್ಪನವರು ಹಿಗ್ಗಿದರು.

ಆ ವರ್ಷ ತಾಲೂಕಿನ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಸಾಹೇಬರ ಪಕ್ಕದ ಕುರ್ಚಿ ಸದರ್‌ಗೆ. ಅದಕ್ಕೆಂದೇ ವೀರಪ್ಪನವರು ಹೊಸ ಶೇರ್ವಾನಿ ಹೊಲಿಸಿದ್ದರು. ಉಳಿದದ್ದು ವರ್ಷವರ್ಷದ ಸದರ್ ಆಯ್ಕೆಯ ಶಾಸ್ತ್ರ ಮಾತ್ರ. ನಮ್ಮ ಕಡೆ ಬೀಗರ ಮನೆಯಲ್ಲಿ ಹೋಳಿಗೆ ಬಡಿಸುವಾಗ ಒಮ್ಮೆಯೂ ಒಲ್ಲೆ ಅನ್ನದವನು ಹೊಟ್ಟೆಬಾಕ. ಆ ಮರ್ಯಾದೆ ಬಲ್ಲ ವೀರಪ್ಪನವರು ಎದ್ದು ಕೈಮುಗಿದರು.

"ನನಗ ವಯಸ್ಸಾತು. ಈ ಸದರ್ ಕೆಲಸ ನಾ ಒಲ್ಲೆ. ಬ್ಯಾರೆಯವರಿಗಿ ಮಾಡ್ರಿ."

"ತಾಯಿದು," ಅಂದಿತು ಸಭೆ, ಒಕ್ಕೊರಲಿನಿಂದ.

ವೀರಪ್ಪನವರ ಮುಖ ಹುಳ್ಳಗಾಯಿತು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಒಲ್ಲೆ ಅಂದರು. ತಾಯಿದು ಇನ್ನೂ ಜೋರಾಯಿತು. ಸಿಟ್ಟು ನೆತ್ತಿಗೇರಿ, ಹಾಗಾದರೆ ಒಳಗೆ ರೊಟ್ಟಿ ಬಡಿಯುತ್ತಿರುವ ನಮ್ಮ ಗುರುಲಿಂಗಮ್ಮನನ್ನೇ ಸದರ್ ಮಾಡಿಕೊಳ್ಳಿ ಎಂದು ಹೆಂಡತಿಯ ಹೆಸರು ಹಿಡಿದು ಸಿಡುಕಿದರು. ಅದಕ್ಕೂ ತಾಯಿದು. ಈ ಸಲ ಅರ್ಥವೂ ಕೂಡಿಬಂತು.

ಗುರುಲಿಂಗಮ್ಮ ಸೆರಗಿಗೆ ಕೈ ಒರೆಸುತ್ತ ಹೊಸ್ತಿಲಿಗೆ ಬಂದರು. ಆಕೆ ಏನಾದರೊಂದು ಹೇಳಲಿ, ತಾಯಿದು ಅಂದು ಮನೆಗೆ ಹೋಗೋಣ ಎಂದು ಎಲ್ಲರೂ ಬಾಯಿ ತೆರೆದು ಕೂತಿದ್ದರು. ಆಕೆ ಹೇಳಲಿಲ್ಲ, ಕೇಳಿದರು. ಶಾಲೆಗೆ ಏನು ಬೇಕು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಜನ ನೆಲ ನೋಡಿದರು. ಯಾರಾದರೂ ಕೇಳಿದರೆ ಏನನ್ನಬೇಕು ಎಂಬುದು ಪಾಠದಲ್ಲಿ ಇರಲೇ ಇಲ್ಲ. ಕೊನೆಗೆ ಅಂಗಳದಿಂದ ಪೋಚಪ್ಪ ಎದ್ದ.

"ನಮ್ಮ ಹುಡುಗ್ರು ಬಿಸಲಾಗ ಕುಂತು ಕಲೀತಾವ್ರಿ ಅವ್ವಾ. ಮ್ಯಾಲ ನೆರಳಾಗ ಕೂಡಸ್ರಿ."

ವೀರಪ್ಪನವರು ದಿನಾ ಆ ಮಕ್ಕಳನ್ನು ದಾಟಿಕೊಂಡೇ ಅಂಗಡಿಗೆ ಹೋಗುತ್ತಿದ್ದರು. ನಾಚಿಕೆಯಾಯಿತು. ನಾಚಿಕೆಯಾದರೆ ಗದರುವುದು ಅವರ ರೂಢಿ. ಇಷ್ಟು ದಿನ ಬಾಯಿಗೆ ಏನಾಗಿತ್ತು ಎಂದು ಪೋಚಪ್ಪನನ್ನು ಗದರಿದರು.

"ನೀವು ಒಂದೇ ಮಾತು ಕಲಿಸಿದ್ರಿ, ಸಾವ್ಕಾರ್ರ," ಅಂದ ಪೋಚಪ್ಪ. "ಅದನೇ ಅಂದೀವ್ರಿ."

ಗುರುಲಿಂಗಮ್ಮ ಒಳಗಿನಿಂದ ಇನ್ನೊಂದು ಜಮಖಾನೆ ತಂದು ಪಡಸಾಲೆಯ ಅಂಚಿನವರೆಗೂ ಹಾಸತೊಡಗಿದರು. ಗಂಡ ಕೂತಲ್ಲಿಗೆ ಬಂದಾಗ, ಸ್ವಲ್ಪ ಸರಿದು ಕೂರಿ ಅಂದರು. ವೀರಪ್ಪನವರು ಸರಿದು ಕೂತರು.