ಹನ್ನೊಂದು ಹತ್ತಕ್ಕೆ ಬರುವ ವಿಳಾಸ

ವಿದ್ಯಾನಗರದ ಆ ಚಿಕ್ಕ ಕಚೇರಿ ಒಂದು ಲ್ಯಾಬಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ಲ್ಯಾಬಿನ ಆ ತಿಂಗಳ ಲಾಗ್‌ಗಳನ್ನು, ಅಂದರೆ ಸಾಫ್ಟ್‌ವೇರಿನ ದಿನದಿನದ ದಾಖಲೆಗಳನ್ನು, ಹೊರಗಿನವರಿಗೆ ಕಳಿಸಬೇಕಿತ್ತು. ಅದಕ್ಕೆ ಮೊದಲು ರೋಗಿಗಳ ಇಮೇಲ್ ವಿಳಾಸ ಮರೆಮಾಡುವ ಕೆಲಸ ಜೆಸ್ಲಿನ್‌ಳ ಪಾಲಿಗೆ ಬಂತು. ಅಕ್ಷರ, ಅಂಕಿ, ಚುಕ್ಕಿ, ಆಮೇಲೆ @ ಚಿಹ್ನೆ. ಇಂಥ ಮಾದರಿ ಕಂಡಲ್ಲೆಲ್ಲ ನಕ್ಷತ್ರ ಹಾಕುವ ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್. ಮೂರು ವರ್ಷದ ಹಿಂದೆ ತಾನೇ ಬರೆದ ಮಾದರಿಯನ್ನು ಹುಡುಕಿ ಓಡಿಸಿದಳು.

ವಿಳಾಸಗಳೆಲ್ಲ ಮಾಯವಾದವು. ಒಂದು ಹೆಸರು ಮಾತ್ರ ಉಳಿಯಿತು: ಎಡ್ವಿನ್+.

ದಿನಕ್ಕೊಂದು ಸಾಲು, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ‘ರಿಪೋರ್ಟ್ ಬಂದಿದೆಯೇ?’ ಎಂಬ ಪ್ರಶ್ನೆ, ‘ಇಲ್ಲ’ ಎಂಬ ಉತ್ತರ. ನಿನ್ನೆಯದೂ ಇತ್ತು.

ಎಡ್ವಿನ್ ಪಕ್ಕದ ಕುರ್ಚಿಯಲ್ಲಿ ಕೂತು ಅವಳಿಗೆ ಕೆಲಸ ಕಲಿಸಿದವನು. ಅವನನ್ನು ಮಣ್ಣು ಮಾಡಿ ಹದಿನಾಲ್ಕು ತಿಂಗಳಾಗಿತ್ತು.

ಹಾಗಾದರೆ ಈ ಸಾಲು ಎಲ್ಲಿಂದ ಬರುತ್ತಿದೆ? ಹುಡುಕಿದರೆ, ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಅವನೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ. ‘ಬಂದಿದೆ’ ಎನ್ನುವವರೆಗೆ ದಿನಾ ಕೇಳುವುದು, ಅಂದ ಮೇಲೆ ನಿಲ್ಲುವುದು. ಅದನ್ನು ಯಾರೂ ನಿಲ್ಲಿಸಿರಲಿಲ್ಲ.

ಎಡ್ವಿನ್ ಅದೇ ಲ್ಯಾಬಿನಲ್ಲಿ ಮಾಡಿಸಿದ್ದ ಪರೀಕ್ಷೆಯ ರಿಪೋರ್ಟ್ ಮಾತ್ರ ಯಾವಾಗಲೋ ತಯಾರಾಗಿತ್ತು. ಕ್ಯಾನ್ಸರ್ ಎಂದು ಬರೆದಿತ್ತು. ಕಳಿಸುವ ಮುಂಚೆ ವಿಳಾಸ ಸರಿಯಿದೆಯೇ ಎಂದು ನೋಡುತ್ತಿದ್ದುದೂ ಜೆಸ್ಲಿನ್ ಬರೆದ ಅದೇ ಮಾದರಿ. ಎಡ್ವಿನ್‌ನ ವಿಳಾಸದಲ್ಲಿದ್ದ ಕೂಡಿಸುವ ಚಿಹ್ನೆ ಅದಕ್ಕೆ ಗೊತ್ತಿರಲಿಲ್ಲ. ತಪ್ಪು ವಿಳಾಸವೆಂದು ರಿಪೋರ್ಟನ್ನು ತಡೆದಿಟ್ಟಿತ್ತು.

ಸಂಜೆ ಸಪ್ತಾಪುರಕ್ಕೆ ಹೋಗಿ ಎಡ್ವಿನ್‌ನ ಹೆಂಡತಿ ಗ್ರೇಸಿಗೆ ಎಲ್ಲ ಹೇಳಿದಳು.

“ರಿಪೋರ್ಟ್ ಎರಡ ದಿನದಾಗ ತಯಾರಾಗಿತ್ರಿ ಅಕ್ಕಾರ. ನನ್ನ ತಪ್ಪಿನಿಂದ ಮುಟ್ಟಲಿಲ್ಲ.”

ಗ್ರೇಸಿ ನೆಲ ನೋಡುತ್ತ ಹೇಳಿದಳು: “ಲ್ಯಾಬಿಗೆ ಹೋಗಿ ಕೇಳೋಣ ನಡೀರಿ ಅಂತ ಇವರಿಗೆ ಅಂದಿದ್ದೆ. ‘ನಮ್ಮದ ಸಾಫ್ಟ್‌ವೇರ್ ಐತಿ, ಬಂದ್ರ ಹೇಳ್ತೈತಿ’ ಅಂದ್ರು. ಐದು ವಾರ ಕುಂತ್ವಿ. ಆಮ್ಯಾಲ ಬ್ಯಾರೆ ಕಡೆ ತೋರಿಸೂದ್ರಾಗ ತಡ ಆಗಿತ್ತು.” ತಲೆ ಎತ್ತಿದಳು. “ಲಗೂ ಗೊತ್ತಾಗಿದ್ರ ಉಳೀತಿದ್ರೇನು?”

“ಗೊತ್ತಿಲ್ರಿ.”

“ಇನ್ನೂ ಕೇಳಾಕತ್ತಾರ?”

“ದಿನಾ.”

“ಹಂಗಾರ ಉತ್ತರ ಕೊಡು. ಸುಮ್ಮನ ಬಂದ್ ಮಾಡಬ್ಯಾಡ.” ಬಾಗಿಲ ತನಕ ಬಂದು ಮತ್ತೆ ಹೇಳಿದಳು: “ಇನ್ನ ಎಷ್ಟ ಮಂದೀದು ಹಿಂಗ ನಿಂತೈತಿ, ಅದನ್ನೂ ನೋಡು.”

ಮರುದಿನ ಬೆಳಿಗ್ಗೆ ಜೆಸ್ಲಿನ್ ಆ ಒಂದು ಚಿಹ್ನೆ ಸೇರಿಸಿದಳು. ಹನ್ನೊಂದು ಹತ್ತಕ್ಕೆ ಸಾಲು ಬಂತು. ‘ಬಂದಿದೆ’ ಎಂಬ ಉತ್ತರ ಹೋಯಿತು. ಪ್ರೋಗ್ರಾಂ ನಿಂತಿತು. ಆಮೇಲೆ ಗ್ರೇಸಿ ಹೇಳಿದಂತೆ, ಮಾದರಿ ತಡೆದಿಟ್ಟ ಬೇರೆ ರಿಪೋರ್ಟ್‌ಗಳನ್ನು ಹುಡುಕಿದಳು.

ಹಾಗೆ ನಿಂತಿದ್ದ ಇನ್ನೂ ಏಳು ರಿಪೋರ್ಟ್ ಸಿಕ್ಕವು. ಮಾಲೀಕರಿಗೆ ತಿಳಿಸಿ, ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದಳು. ಆರು ಮಂದಿ ಬೇರೆ ಕಡೆ ಪರೀಕ್ಷೆ ಮಾಡಿಸಿಕೊಂಡಿದ್ದರು, ಅವರಲ್ಲಿ ಒಬ್ಬರು ಬೈದರು. ಏಳನೆಯ ಫೋನನ್ನು ಒಬ್ಬ ಹೆಂಗಸು ಎತ್ತಿದಳು. ರೋಗಿಯ ಹೆಸರು ಹೇಳಿದೊಡನೆ “ಅವರು ತೀರಿಕೊಂಡಾರ್ರಿ,” ಅಂದಳು. ಜೆಸ್ಲಿನ್ ಫೋನ್ ಇಡಲಿಲ್ಲ.