ಪರಾತದ ಅಂಚಿನ ಹೆಸರು

ನಾನು ಒಂದು ಸ್ಟೀಲಿನ ಪರಾತ. ನನ್ನನ್ನು ತಾಟು ಅಂದರೆ ಸಿಟ್ಟು ಬರುತ್ತದೆ. ತಾಟು ಒಬ್ಬರ ಊಟಕ್ಕೆ. ಇಡೀ ಮನೆಯ ರೊಟ್ಟಿಹಿಟ್ಟು ನಾದುವುದು ನನ್ನೊಳಗೆ. ಯಾವುದೋ ದೂರದ ಕಾರ್ಖಾನೆಯಲ್ಲಿ ತಗಡಾಗಿ ಮಲಗಿದ್ದವನನ್ನು ಒಂದು ಯಂತ್ರ ಧಡ್ಡೆಂದು ಒತ್ತಿ ಎಬ್ಬಿಸಿತು. ಅಂಚು ಮಡಚಿದರು, ಹೊಳಪು ಕೊಟ್ಟರು, ಲಾರಿಗೆ ಹಾಕಿದರು. ಕಣ್ಣು ಬಿಟ್ಟರೆ ಗದಗಿನ ಒಂದು ಪಾತ್ರೆ ಅಂಗಡಿ.

ಆದರೆ ಹುಟ್ಟು ಅಂತ ನಾನು ಎಣಿಸುವುದು ಅದನ್ನಲ್ಲ. ನೀಲವ್ವನ ತಾಯಿ ಮಗಳ ಮದುವೆಗೆಂದು ನನ್ನನ್ನು ಆರಿಸಿ, ಬೆರಳಿನಿಂದ ಟಣ್ ಎನಿಸಿ ನೋಡಿ, "ಹೆಸರು ಹಾಕ್ರಿ" ಅಂದಳಲ್ಲ, ಆಗ ಹುಟ್ಟಿದೆ. ಅಂಗಡಿಯವನು ಕರೆಂಟಿನ ಸೂಜಿ ಹಿಡಿದು ನನ್ನ ಅಂಚಿನ ಹೊರಗೆ ಚುಕ್ಕಿ ಚುಕ್ಕಿಯಾಗಿ ಕೊರೆದ: ಸೌ. ನೀಲವ್ವ. ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೆಸರು ಬಿದ್ದ ಮೇಲೆ ನಾನು ಮಾರಾಟದ ಸಾಮಾನಲ್ಲ, ಒಬ್ಬಳ ಪರಾತ.

ನೀಲವ್ವನ ಗಂಡ ಚನ್ನವೀರಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಕೆ ನಾದುವಾಗ ಅವನೇ ಬಿಸಿನೀರು ಹೊಯ್ಯಬೇಕು. "ಸಾಕು ಅಂದ್ರೂ ಹೊಯ್ತೀರಲ್ರಿ, ಹಿಟ್ಟೆಲ್ಲಾ ಅಂಬಲಿ ಆತು!" ಎಂದು ಆಕೆ ಬೈಯುತ್ತಿದ್ದಳು, ಅವನು ನಗುತ್ತಿದ್ದ. ಬಾಗಿದ ಎರಡು ಮುಖಗಳನ್ನೂ ನಾನು ಕೆಳಗಿನಿಂದ ನೋಡುತ್ತಿದ್ದೆ. ಮಕ್ಕಳಾಗಲಿಲ್ಲ. ಆ ದುಃಖಕ್ಕೂ ಇಬ್ಬರೂ ಒಟ್ಟಿಗೇ ಅತ್ತರು. ಆಮೇಲೆ ಆಕೆಗೆ ಕಾಮಾಲೆ ಬಂತು. ಹೋಗಿಬಿಟ್ಟಳು.

ಚನ್ನವೀರಪ್ಪ ಖಾನಾವಳಿಯ ಗಿರಾಕಿಯಾದ. ನಾನು ಒಣಗಿಕೊಂಡು ಹಲಗೆಯ ಮೇಲೆ ಗೋಡೆಗೆ ಒರಗಿದೆ. ಭಾನುವಾರ ಮಾತ್ರ ನನ್ನನ್ನು ಇಳಿಸಿ, ತೊಳೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದ. ಎಷ್ಟೋ ವರ್ಷ ಹೀಗೇ ಹೋದವು.

ಕೊನೆಗೆ ಅವನ ಅಕ್ಕ ಗಂಗವ್ವ ತಡೆಯಲಾರದೆ ಒಂದು ಸಂಬಂಧ ತಂದಳು. ಹುಡುಗಿ ಅನ್ನಲೇ? ಸುಲೋಚನಾ ಹೊಲಿಗೆ ಕಲಿಸುವ ಟೀಚರು, ಕೂದಲು ಅರ್ಧ ನರೆತಿತ್ತು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ, ತಮ್ಮ ತಂಗಿಯರನ್ನು ದಡ ಸೇರಿಸುತ್ತ, ತನ್ನ ಮದುವೆಯ ವಯಸ್ಸು ದಾಟಿಸಿಬಿಟ್ಟವಳು. ಅವನಿಗೆ ಇದು ಎರಡನೆಯದು. ಆಕೆಗೆ ಮೊದಲನೆಯದು.

ಆಕೆಯ ಶಾಲೆಯವರು ಒಂದು ಹಟ ಹಿಡಿದಿದ್ದರು. ಏನೇನು ಬೇಕು ಇಬ್ಬರೂ ಕೂತು ಪಟ್ಟಿ ಮಾಡಿ ಪಾತ್ರೆ ಅಂಗಡಿಗೆ ಕೊಡಿ, ಒಬ್ಬೊಬ್ಬರು ಒಂದೊಂದು ಕೊಡುತ್ತೇವೆ, ಇಲ್ಲದಿದ್ದರೆ ಬರೀ ಗೋಡೆ ಗಡಿಯಾರ ಬಂದು ಬೀಳುತ್ತವೆ ಅಂತ. ಸರಿ, ಸುಲೋಚನಾ ಗಂಗವ್ವನ ಜೊತೆ ಮನೆಗೆ ಬಂದು ಅಡುಗೆಮನೆಯಲ್ಲೇ ಚಾಪೆ ಹಾಸಿ ಚನ್ನವೀರಪ್ಪನ ಎದುರು ಕೂತಳು.

"ಕುಕ್ಕರ್ ಬರೀಲೇನ್ರಿ?"

"ಐತಲ್ರಿ ಮನ್ಯಾಗ."

"ಡಬ್ಬಿ ಸೆಟ್?"

"ಅದೂ ಐತಿ."

"ಕೊಡ?"

"ಎರಡು ಅದಾವ ನೋಡ್ರಿ."

ಅವನು ಜಿಪುಣನಲ್ಲ. ನಡೆಯುವ ಸಾಮಾನನ್ನು ಎಸೆಯಬಾರದು ಎಂಬುದು ಮೆಕ್ಯಾನಿಕನ ಧರ್ಮ, ಅಷ್ಟೆ. ಆದರೆ ಒಂದೊಂದು "ಐತಿ"ಗೂ ಆಕೆಯ ಪೆನ್ನು ಕೆಳಗಿಳಿಯುತ್ತಿತ್ತು. ಹಾಳೆ ಹಾಗೇ ಬೆಳ್ಳಗೆ ಉಳಿಯಿತು.

"ಲೇ ತಮ್ಮಾ, ಬರೀಲಿ ಬಿಡೋ! ಕೊಡೋರು ಕೊಡ್ತಾರ, ನಿಂದೇನ ಗಂಟು ಹೋಗ್ತೈತಿ?" ಎಂದು ಗಂಗವ್ವ ರೇಗಿದಳು.

"ಒಂದು ಪರಾತ?" ಎಂದಳು ಸುಲೋಚನಾ, ಕೊನೆಯ ಆಸೆಯಂತೆ.

ಅವನು ಎದ್ದು ನನ್ನನ್ನೇ ಇಳಿಸಿ ಆಕೆಯ ತೊಡೆಯ ಮೇಲಿಟ್ಟ. "ನೋಡ್ರಿ, ಇಂಥಾ ದಪ್ಪ ತಗಡು ಈಗ ಸಿಗಂಗಿಲ್ಲ."

ಆಕೆ ನನ್ನನ್ನು ತಿರುಗಿಸಿದಳು. ಹೆಸರು ಕಂಡಿತು. ನನಗೆ ಹೊಟ್ಟೆಕಿಚ್ಚು, ಮುಟ್ಟಬೇಡ ಅಂತ ಕೂಗಬೇಕೆನಿಸಿತು. ಆಕೆಯೋ ಸೆರಗಿನ ತುದಿಯಿಂದ ನೀಲವ್ವನ ಹೆಸರಿನ ಮೇಲಿನ ಧೂಳು ಒರೆಸಿದಳು. ನನ್ನ ಸಿಟ್ಟು ಅಲ್ಲೇ ಕರಗಿತು.

"ನನ್ನ ತಂಗ್ಯಾರು, ತಮ್ಮ, ಎಲ್ಲಾರ ಲಗ್ನಕ್ಕೂ ನಾನ ಅಂಗಡ್ಯಾಗ ನಿಂತು ಭಾಂಡೆಕ್ಕ ಹೆಸರು ಹಾಕ್ಸೀನ್ರಿ," ಎಂದಳು ಮೆಲ್ಲಗೆ. "ನನ್ನ ಹೆಸರಿಂದು ಒಂದರ ಇರ್ಲಿ ಅಂತ ಆಸೆ. ದೊಡ್ಡದೇನ ಬ್ಯಾಡ್ರಿ."

ಚನ್ನವೀರಪ್ಪನ ಮುಖ ಬಾಡಿತು. ಆಮೇಲೆ ಏನೋ ಹೊಳೆದವನಂತೆ ತಲೆಯಾಡಿಸಿದ. "ಆಗ್ತೈತ್ರಿ. ಅದನ್ನ ನನಗ ಬಿಡ್ರಿ."

ಹೊಸದೊಂದು ತರುತ್ತಾನೆಂದು ಆಕೆ ತಿಳಿದಳು. ನಾನೂ ಹಾಗೇ ತಿಳಿದೆ. ಗೋಡೆಗೆ ನನ್ನ ಪಕ್ಕದಲ್ಲಿ ಒಬ್ಬಳು ತಂಗಿ ಬರುತ್ತಾಳೆ ಅಂತ ಹಿಗ್ಗಿದೆ ಕೂಡ.

ಮರುದಿನ ಅವನು ನನ್ನನ್ನು ಕಂಕುಳಲ್ಲಿ ಹಿಡಿದು ಡಿಪೋಗೆ ನಡೆದ. ಸಾಣೆ ಚಕ್ರ ತಿರುಗಿಸಿದ. "ನೀಲೀ, ತಪ್ಪು ತಿಳೀಬ್ಯಾಡ," ಅಂದ. ಕಿಡಿ ಹಾರಿದವು. ಅವನ ಕಣ್ಣೀರು ನನ್ನ ಮೇಲೆ ಬಿದ್ದು ಚುರ್ರೆಂದಿತು. ತನಗೆ ಅತಿ ದೊಡ್ಡದಾದುದನ್ನೇ ಈಕೆಗೆ ಕೊಡುತ್ತಿದ್ದೇನೆಂದು ಅವನು ನಂಬಿದ್ದ, ಪಾಪ. ಅಯ್ಯೋ ಹುಚ್ಚಪ್ಪಾ, ಹಾಗಲ್ಲವೋ ಎನ್ನಲು ನನಗೆ ಬಾಯಿ ಎಲ್ಲಿದೆ? ಅಲ್ಲಿಂದ ಪಾತ್ರೆ ಅಂಗಡಿ. ಅದೇ ಜಾಗದಲ್ಲಿ ಹೊಸ ಚುಕ್ಕಿಗಳು: ಸೌ. ಸುಲೋಚನಾ.

ಆಕೆಯ ಮನೆಯಲ್ಲಿ ಪೇಪರು ಬಿಚ್ಚಿದಾಗ ಕಂಡ ಮುಖ ನಾನು ಮರೆಯಲಾರೆ. ತನ್ನ ಹೆಸರು ಓದಿ ಸಣ್ಣ ಹುಡುಗಿಯ ಹಾಗೆ ನಕ್ಕಳು. ನಗುತ್ತಲೇ ಬೆರಳಾಡಿಸಿದಳು. ಬೆರಳು ತಗ್ಗಿಗೆ ಇಳಿಯಿತು. ನನ್ನನ್ನು ಬೆಳಕಿಗೆ ಓರೆ ಮಾಡಿದಳು. ಅಳಿಸಿದ ಗೀರುಗಳು ಕಂಡವು.

"ಇದು ಅದ ಪರಾತ ಅಲ್ಲೇನ್ರಿ? ಅಕಿ ಹೆಸರು?"

"ಅಳಿಸೀನ್ರಿ. ನಿಮ್ಮ ಸಲುವಾಗಿ."

ನಗು ಹೋಯಿತು. "ನಾ ಹೊಸಾದೊಂದು ಕೇಳಿದ್ದೆ. ಅಕೀನ್ನ ಅಳಸ್ರಿ ಅಂದಿದ್ನೇನ್ರಿ? ನಿಮ್ಮ ಕೂಡ ಬಾಳಿದಾಕಿ ಹೆಸರು ಸಾಣಿಗೆ ಹಿಡದು ಅದರ ಮ್ಯಾಲ ನನ್ನ ಬರಸೀರಿ. ನಾಳೆ ನಾ ಸತ್ರ ನನ್ನ ಹೆಸರಿನ ಮ್ಯಾಲ ಯಾರ್ದು?"

"ನನಗ ತಿಳೀಲಿಲ್ರಿ ಟೀಚರ್," ಎಂದ ಚನ್ನವೀರಪ್ಪ.

"ಅದಕ್ಕ ಅಂಜಿಕಿ ಬರ್ತೈತ್ರಿ ನನಗ," ಎಂದಳು. ಅದೇ ಪೇಪರಿನಲ್ಲಿ ನನ್ನನ್ನು ಸುತ್ತಿ, ದಾರ ಕಟ್ಟಿ, ಅವನ ಕೈಗೆ ಕೊಟ್ಟಳು. ಗಂಗವ್ವ ಹೋಗಿ ಬೇಡಿಕೊಂಡಳು, ಕಾಲು ಹಿಡಿಯುವುದೊಂದು ಬಾಕಿ. ಸುಲೋಚನಾ ಒಪ್ಪಲಿಲ್ಲ, ಮದುವೆ ನಿಂತುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚನ್ನವೀರಪ್ಪ ಇನ್ನೊಮ್ಮೆ ನನ್ನನ್ನು ಅಂಗಡಿಗೆ ಒಯ್ದ. ನೀಲವ್ವನ ಹೆಸರನ್ನು ತಿರುಗಿ ಹಾಕು, ಎರಡೂ ಇರಲಿ ಅಂದ. ಅಂಗಡಿಯವನು ತಡವಿ ನೋಡಿ ತಲೆಯಾಡಿಸಿದ. "ಇಲ್ಲಿ ಭಾಳ ತೆಳ್ಳಗಾಗೈತ್ರಿ. ಇನ್ನೊಮ್ಮೆ ಸೂಜಿ ಇಟ್ರ ತೂತು ಬೀಳ್ತೈತಿ."

ಬೇರೆ ಜಾಗದಲ್ಲಿ ಹಾಕಲೇ ಎಂದು ಕೇಳಿದ. ಚನ್ನವೀರಪ್ಪ ಬೇಡವೆಂದು ಎದ್ದು ಬಂದ. ನೀಲವ್ವ ಇದ್ದ ಜಾಗ ಅದೊಂದೇ ತಾನೇ.

ಈಗ ಅವನು ರಿಟೈರಾಗಿ, ಖಾನಾವಳಿ ಬಿಟ್ಟು, ತಾನೇ ಹಿಟ್ಟು ನಾದುತ್ತಾನೆ. ನೀರು ಈಗಲೂ ಹೆಚ್ಚೇ ಹೊಯ್ಯುತ್ತಾನೆ. ಬೈಯುವವರಿಲ್ಲ. ನನಗೂ ವಯಸ್ಸಾಯಿತು, ಹೊಳಪು ಹೋಯಿತು. ಒಂದು ಹೊಸ ಪರಾತ ಕೊಂಡಿದ್ದರೆ ಈ ಗೋಡೆಗೆ ಎರಡು ಒರಗಿರುತ್ತಿದ್ದವು, ಈ ಮನೆಯಲ್ಲಿ ಇಬ್ಬರು ಉಣ್ಣುತ್ತಿದ್ದರು. ಇಷ್ಟು ಸಣ್ಣದಕ್ಕೆ ಒಂದು ಬಾಳು ಮುರಿಯುತ್ತದೆಯೇ ಅಂತ ಕೇಳಬೇಡಿ. ಮುರಿಯಿತು.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಹಬ್ಬಕ್ಕೆಂದು ನನ್ನನ್ನು ಕೇಳಿ ಒಯ್ದಿದ್ದಳು. ಬರಿದಾಗಿ ಕೊಡಬಾರದೆಂದು ನಾಲ್ಕು ಹೋಳಿಗೆ ಇಟ್ಟು ತಂದಳು.

"ಸುಲೋಚನಾ ಅಂದ್ರ ಅಜ್ಜಿ ಹೆಸರೇನ್ರಿ ಅಜ್ಜಾರ? ಎಲ್ಲದಾರ? ಕಾಣ್ಸೋದ ಇಲ್ಲ."

"ತವರಿಗೆ ಹೋಗ್ಯಾಳವ್ವಾ," ಅಂದ ಚನ್ನವೀರಪ್ಪ.

"ಯಾವಾಗ ಬರ್ತಾರ್ರಿ?"

ಅವನು ಹೋಳಿಗೆ ತೆಗೆದು ತನ್ನ ತಾಟಿಗೆ ಹಾಕಿಕೊಂಡ. ನನ್ನನ್ನು ತೊಳೆದ, ಒರೆಸಿದ. ಹೆಸರು ಕಾಣದ ಹಾಗೆ ಗೋಡೆಗೆ ತಿರುಗಿಸಿ ಇಟ್ಟ.